ಪ್ಯಾಡ್ ಬದಲಾವಣೆಯ ಬಳಿಕ ತಗ್ಗುವ ಬ್ರೇಕ್ ಪೆಡಲ್: ಕಾರಣ ಮತ್ತು ಪರೀಕ್ಷೆ

ಮೋಟಾರು ವಾಹನ ಮತ್ತು ಅವುಗಳ ಬಿಡಿಭಾಗಗಳ ತಯಾರಿಕೆಯಲ್ಲಿ ಚೆನ್ನೈ ದೇಶದ ಪ್ರಮುಖ ಕೇಂದ್ರಗಳಲ್ಲೊಂದು. 1962ರಲ್ಲಿ ಸ್ಥಾಪಿತವಾದ ಬ್ರೇಕ್ಸ್ ಇಂಡಿಯಾ ಸಂಸ್ಥೆಯ ಕಾರ್ಖಾನೆ ಈ ನಗರದ ಪಾಡಿಯಲ್ಲಿದೆ. ಆದರೆ ಬಿಡಿಭಾಗಗಳು ಎಷ್ಟೇ ಉತ್ತಮವಾಗಿದ್ದರೂ, ಜೋಡಣೆಯ ಬಳಿಕ ಪರೀಕ್ಷಿಸದೆ ಕಾರನ್ನು ಅಣ್ಣಾ ಸಾಲೈಯಂತಹ ಜನನಿಬಿಡ ರಸ್ತೆಗೆ ಇಳಿಸುವುದು ಅಪಾಯಕರ.

ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನಲ್ಲಿ ಉಂಟಾಗುವ ಒತ್ತಡವನ್ನು ಬ್ರೇಕ್ ಆಯಿಲ್ ಕೊಳವೆಗಳ ಮೂಲಕ ಚಕ್ರಗಳಿಗೆ ಒಯ್ಯುತ್ತದೆ. ಹೊಸ ಪ್ಯಾಡುಗಳು ದಪ್ಪವಾಗಿರುವುದರಿಂದ ಅವನ್ನು ಕೂರಿಸಲು ಕ್ಯಾಲಿಪರಿನ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಬೇಕಾಗುತ್ತದೆ. ಹೀಗೆ ಉಂಟಾದ ಅಂತರ ತುಂಬುವವರೆಗೆ ಪೆಡಲ್ ಕೆಳಗಿಳಿಯುವುದು ಸಹಜ. ಆದ್ದರಿಂದ ಕಾರನ್ನು ಕದಲಿಸುವ ಮುನ್ನವೇ ಪೆಡಲನ್ನು ಹಲವು ಬಾರಿ ನಿಧಾನವಾಗಿ ಒತ್ತಿ, ಅದು ಗಟ್ಟಿಯಾಗುವುದನ್ನು ಖಚಿತಪಡಿಸಿಕೊಳ್ಳಬೇಕು. ಅನಂತರವೂ ಪೆಡಲ್ ತಗ್ಗಿಯೇ ಇದ್ದಲ್ಲಿ, ಅದರ ವರ್ತನೆಯೇ ದೋಷದ ಮೂಲವನ್ನು ಸೂಚಿಸುತ್ತದೆ.

1. ಎರಡು ಮೂರು ಬಾರಿ ಒತ್ತಿದಾಗ ಮೇಲೇರಿ ಗಟ್ಟಿಯಾಗಿ, ಸ್ವಲ್ಪ ಹೊತ್ತು ಬಿಟ್ಟು ಒತ್ತಿದರೆ ಮತ್ತೆ ತಗ್ಗುವ ಪೆಡಲ್, ಎಲ್ಲೋ ಅಂತರ ಹೆಚ್ಚಾಗಿರುವುದನ್ನು ತೋರಿಸುತ್ತದೆ. ಹಿಂಬದಿಯ ಡ್ರಮ್ ಬ್ರೇಕಿನ ಶೂಗಳ ಹೊಂದಾಣಿಕೆಯನ್ನೂ, ಪ್ಯಾಡುಗಳು ಸರಿಯಾಗಿ ಕುಳಿತಿವೆಯೇ ಎಂಬುದನ್ನೂ ಪರಿಶೀಲಿಸಬೇಕು.

2. ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದರೆ ಕೊಳವೆಗಳಲ್ಲಿ ಗಾಳಿ ಸೇರಿರುವ ಸಂಭವ ಹೆಚ್ಚು. ದ್ರವ ಕುಗ್ಗದು, ಗಾಳಿ ಕುಗ್ಗುತ್ತದೆ. ಕೇವಲ ಪ್ಯಾಡ್ ಬದಲಾಯಿಸಿದರೆ ಗಾಳಿ ಸೇರದು. ಕೊಳವೆಯ ಜೋಡಣೆಯನ್ನು ಸಡಿಲಿಸಿದ್ದರೆ ಅಥವಾ ಆಯಿಲ್ ಡಬ್ಬಿ ಬರಿದಾಗಿದ್ದರೆ ಸೇರಬಹುದು. ತಯಾರಕರು ಸೂಚಿಸಿದ ಕ್ರಮದಲ್ಲಿಯೇ ಗಾಳಿಯನ್ನು ಹೊರತೆಗೆಯಬೇಕು.

3. ಪೆಡಲನ್ನು ಒಂದೇ ಸಮನೆ ಒತ್ತಿ ಹಿಡಿದಾಗ ಅದು ಮೆಲ್ಲಗೆ ತಳಕ್ಕಿಳಿಯುತ್ತಿದ್ದರೆ ಎಲ್ಲೋ ಸೋರಿಕೆಯಿದೆ ಎಂದು ತಿಳಿಯಬೇಕು. ಚಕ್ರಗಳ ಬಳಿ ಹಾಗೂ ಕೊಳವೆಗಳಲ್ಲಿ ತೇವ ಕಾಣದಿದ್ದರೆ, ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸೀಲುಗಳನ್ನು ಶಂಕಿಸಬೇಕು. ಎಂಜಿನ್ ಚಾಲೂ ಮಾಡಿದ ಕ್ಷಣ ಪೆಡಲ್ ತುಸು ತಗ್ಗಿ ನಿಲ್ಲುವುದು ಮಾತ್ರ ದೋಷವಲ್ಲ. ಅದು ಬೂಸ್ಟರ್ ಕೆಲಸ ಮಾಡುತ್ತಿರುವುದರ ಗುರುತು.

ಹಳೆಯ ಕಾರುಗಳಲ್ಲಿ ಪೆಡಲನ್ನು ಪದೇ ಪದೇ ತಳಮುಟ್ಟ ಒತ್ತಬಾರದು. ಸಿಲಿಂಡರಿನ ಬಳಕೆಯಾಗದ ಭಾಗದಲ್ಲಿ ತುಕ್ಕು ಅಥವಾ ಕೊಳೆ ಕೂಡಿರುವುದರಿಂದ ಸೀಲುಗಳು ಹರಿಯಬಹುದು.

ಸಾಮಾನ್ಯ ಬಳಕೆಯ ಬ್ರೇಕ್ ಆಯಿಲ್ ತೇವಾಂಶವನ್ನು ಹೀರಿಕೊಳ್ಳುತ್ತದೆ. ಚೆನ್ನೈ, ಮಂಗಳೂರಿನಂತಹ ಕಡಲತೀರದ ನಗರಗಳಲ್ಲಿ ಈ ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಡಾಟ್ 4 ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ನೀರು ಸೇರಿದಾಗ ಈ ಮಿತಿ 155 ಡಿಗ್ರಿಯವರೆಗೆ ಇಳಿಯಬಹುದು. ಕುದಿದಾಗ ಉಂಟಾಗುವ ಆವಿಯೂ ಗಾಳಿಯಂತೆಯೇ ಪೆಡಲನ್ನು ತಗ್ಗಿಸುತ್ತದೆ. ಆದ್ದರಿಂದ ಬಹಳ ಕಾಲ ತೆರೆದಿಟ್ಟ ಡಬ್ಬಿಯ ಆಯಿಲನ್ನು ಬಳಸಬಾರದು. ಎಂಜಿನ್ ಆಯಿಲನ್ನಂತೂ ಎಂದಿಗೂ ಸುರಿಯಬಾರದು. ಅದು ರಬ್ಬರ್ ಸೀಲುಗಳನ್ನು ಕೆಡಿಸುತ್ತದೆ.

ಮೊದಲ ಒತ್ತಿಗೇ ಹಿಡಿಯದ ಬ್ರೇಕ್, ಎರಡನೆಯ ಒತ್ತಿಗೆ ಹಿಡಿಯುತ್ತದೆಂಬ ಕಾರಣಕ್ಕೆ ಸುರಕ್ಷಿತವೆನಿಸದು. ರಸ್ತೆಯಲ್ಲಿ ಎರಡನೆಯ ಅವಕಾಶ ದೊರೆಯದಿರಬಹುದು. ಕಾರಣ ತಿಳಿದು ಸರಿಪಡಿಸುವವರೆಗೆ ಅಂತಹ ವಾಹನವನ್ನು ಚಲಾಯಿಸದೆ, ಅನುಭವಿ ಮೆಕ್ಯಾನಿಕರಿಂದ ನಿಂತಲ್ಲಿಯೇ ಪರೀಕ್ಷೆ ಮಾಡಿಸುವುದು ಮಾಲೀಕರ ಕರ್ತವ್ಯ.