ಅಂತರ್ಜಾಲ ಹರಾಜಿನಲ್ಲಿ ಮೀಸಲು ಬೆಲೆ: ಇಡಬೇಕೇ, ಬೇಡವೇ?

ಹಳೆಯ ಯಂತ್ರ, ಗುಜರಿ, ಮಾರಾಟವಾಗದೆ ಉಳಿದ ದಾಸ್ತಾನು ಮುಂತಾದವುಗಳನ್ನು ಅಂತರ್ಜಾಲ ಹರಾಜಿನ ಮೂಲಕ ವಿಲೇವಾರಿ ಮಾಡುವ ಪದ್ಧತಿಯು ಈಗ ದೊಡ್ಡ ಕಂಪನಿಗಳಿಗಷ್ಟೇ ಸೀಮಿತವಾಗಿಲ್ಲ. ‘ಇದಕ್ಕಿಂತ ಕಡಿಮೆಗೆ ಕೊಡುವುದಿಲ್ಲ’ ಎಂಬ ಮೀಸಲು ಬೆಲೆಯನ್ನು ಇಡಬೇಕೇ ಎಂಬುದು ಅಲ್ಲಿ ಮಾರಾಟಗಾರನು ಎದುರಿಸುವ ಮೊದಲ ಪ್ರಶ್ನೆ. ಇಡದಿದ್ದರೆ ಸರಕು ಮೂರು ಕಾಸಿಗೆ ಹೋದೀತೆಂಬ ಭಯ. ಇಟ್ಟರೆ ಕೊಳ್ಳುವವರೇ ಬಾರದಿದ್ದಾರೆಂಬ ಭಯ. ಎರಡೂ ನಿರಾಧಾರವಲ್ಲ.

ಮೀಸಲು ಬೆಲೆಯಲ್ಲಿ ಎರಡು ವಿಧಗಳುಂಟು. ಬಹಿರಂಗ ಬೆಲೆಯಾದರೆ ಕೂಗು ಅಲ್ಲಿಂದಲೇ ಆರಂಭವಾಗುತ್ತದೆ. ಗುಪ್ತ ಬೆಲೆಯಾದರೆ ಕೂಗು ಕೆಳಗಿನಿಂದ ಆರಂಭವಾಗುತ್ತದೆ, ಆದರೆ ಮಾರಾಟಗಾರನ ಮನಸ್ಸಿನಲ್ಲಿರುವ ಅಂಕಿಯನ್ನು ಮುಟ್ಟದಿದ್ದರೆ ಮಾರಾಟವಿಲ್ಲ. ಗುಜರಿ ಹರಾಜುಗಳಲ್ಲಿ ಕಾಣುವ ‘ಮಾರಾಟಗಾರರ ಒಪ್ಪಿಗೆಗೆ ಒಳಪಟ್ಟಿದೆ’ ಎಂಬ ಷರತ್ತು ವಾಸ್ತವವಾಗಿ ಗುಪ್ತ ಬೆಲೆಯೇ ಆಗಿದೆ.

ಮೀಸಲು ಬೆಲೆಯ ಪ್ರಯೋಜನವು ಬಿಡ್‌ದಾರರ ಸಂಖ್ಯೆಯನ್ನು ಅವಲಂಬಿಸಿದೆ. ಮಾರಾಟಗಾರನಿಗೆ ಬೇರೆ ಉಪಯೋಗವಿಲ್ಲದ ಒಂದು ವಸ್ತುವಿಗೆ ಪ್ರತಿಯೊಬ್ಬ ಗ್ರಾಹಕನು ಕೊಡಲು ಸಿದ್ಧನಿರುವ ಬೆಲೆಯು ಸೊನ್ನೆಯಿಂದ 100 ರೂ.ಗಳವರೆಗೆ ಎಲ್ಲಿಯಾದರೂ ಸಮಸಂಭವವಾಗಿ ಇರಬಹುದೆಂದು ಭಾವಿಸೋಣ. 1981ರಲ್ಲಿ ರೋಜರ್ ಮೈಯರ್ಸನ್ ರೂಪಿಸಿದ ಸಿದ್ಧಾಂತದ ಪ್ರಕಾರ ಇಲ್ಲಿ ಅತ್ಯುತ್ತಮ ಮೀಸಲು ಬೆಲೆ 50 ರೂ. ಒಬ್ಬನೇ ಗ್ರಾಹಕನಿದ್ದು ಮೀಸಲು ಇಲ್ಲದಿದ್ದರೆ ದೊರೆಯುವುದು ಸೊನ್ನೆ. ಇದ್ದರೆ ಸರಾಸರಿ 25 ರೂ. ಇಬ್ಬರಿದ್ದರೆ ಮೀಸಲಿಲ್ಲದೆ ಸುಮಾರು 33 ರೂ., ಮೀಸಲಿನೊಂದಿಗೆ ಸುಮಾರು 42 ರೂ. ಆದರೆ ಮೂವರಿದ್ದರೆ ಯಾವ ಮೀಸಲೂ ಇಲ್ಲದೆ 50 ರೂ. ದೊರೆಯುತ್ತದೆ! ಹತ್ತು ಮಂದಿ ಇದ್ದಲ್ಲಿ ಮೀಸಲು ಬೆಲೆಯಿಂದ ಸಿಗುವ ಹೆಚ್ಚುವರಿ ಲಾಭ ಒಂದು ಪೈಸೆಗೂ ಕಡಿಮೆ. ಅತ್ಯಂತ ಜಾಣ್ಮೆಯಿಂದ ಇಟ್ಟ ಮೀಸಲು ಬೆಲೆಗಿಂತಲೂ ಇನ್ನೊಬ್ಬ ಬಿಡ್‌ದಾರನನ್ನು ಕರೆತರುವುದೇ ಹೆಚ್ಚು ಲಾಭದಾಯಕವೆಂಬುದನ್ನು ಬುಲೋ ಮತ್ತು ಕ್ಲೆಂಪರರ್ ಎಂಬ ಅರ್ಥಶಾಸ್ತ್ರಜ್ಞರು 1996ರಲ್ಲಿ ಸಾಮಾನ್ಯ ಷರತ್ತುಗಳಡಿ ಸಾಧಿಸಿ ತೋರಿಸಿದ್ದಾರೆ.

ಗುಪ್ತ ಬೆಲೆಯು ಆ ಇನ್ನೊಬ್ಬನನ್ನೇ ದೂರವಿಡುತ್ತದೆ. ರಮಾ ಕಾಟ್ಕರ್ ಮತ್ತು ಡೇವಿಡ್ ರೈಲಿ ಅವರು ಇಬೇ ತಾಣದಲ್ಲಿ 50 ಜೋಡಿ ಪೋಕೆಮಾನ್ ಕಾರ್ಡುಗಳನ್ನು ಹರಾಜಿಗಿಟ್ಟು, ಪ್ರತಿ ಜೋಡಿಯಲ್ಲಿ ಒಂದಕ್ಕೆ ಬಹಿರಂಗವಾಗಿ, ಇನ್ನೊಂದಕ್ಕೆ ಗುಪ್ತವಾಗಿ ಒಂದೇ ಬೆಲೆಯನ್ನು ಮೀಸಲಿಟ್ಟರು. 2006ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಗುಪ್ತ ಬೆಲೆಯಿದ್ದಲ್ಲಿ ಗಂಭೀರ ಬಿಡ್‌ದಾರರು, ಮಾರಾಟದ ಸಂಭವ, ದೊರೆತ ಬೆಲೆ ಮೂರೂ ಕಡಿಮೆಯಾದವು. ನಮ್ಮ ಎ.ಪಿ.ಎಂ.ಸಿ. ಪ್ರಾಂಗಣಗಳ ಆನ್‌ಲೈನ್ ಟೆಂಡರಿನಲ್ಲಿಯೂ ಗರಿಷ್ಠ ದರವನ್ನು ರೈತನು ತಿರಸ್ಕರಿಸಬಹುದಲ್ಲವೇ ಎಂದು ಕೇಳಬಹುದು. ನಿಜ, ಆದರೆ ಅಲ್ಲಿನ ವರ್ತಕರು ಹೇಗೂ ದಿನನಿತ್ಯ ದರ ನಮೂದಿಸುವವರು. ಒಂದೇ ಯಂತ್ರವನ್ನು ನೋಡಲು ನೂರು ಮೈಲಿ ಬರಬೇಕಾದವನ ಲೆಕ್ಕಾಚಾರವೇ ಬೇರೆ.

ಬಹಿರಂಗ ಬೆಲೆಯೂ ಅತಿಯಾದರೆ ಏನಾಗುತ್ತದೆಂಬುದಕ್ಕೆ ತರಂಗಾಂತರ ಹರಾಜು ಸಾಕ್ಷಿ. 2012ರ ನವೆಂಬರಿನಲ್ಲಿ ಕೇಂದ್ರ ಸರ್ಕಾರವು ನಡೆಸಿದ 1800 ಮೆಗಾಹರ್ಟ್ಸ್ ತರಂಗಾಂತರದ ಇ-ಹರಾಜಿನಲ್ಲಿ ದೆಹಲಿ, ಮುಂಬಯಿ, ಕರ್ನಾಟಕ ಮತ್ತು ರಾಜಸ್ಥಾನ ವಲಯಗಳಿಗೆ ಒಂದು ಬಿಡ್ ಕೂಡ ಬರಲಿಲ್ಲ. ಬೆಲೆಯಿಳಿಸಿ 2014ರ ಫೆಬ್ರವರಿಯಲ್ಲಿ ನಡೆಸಿದ ಹರಾಜಿನಲ್ಲಿ, 900 ಮೆಗಾಹರ್ಟ್ಸ್ ಸಹ ಸೇರಿ, ಸುಮಾರು 61,000 ಕೋಟಿ ರೂ.ಗಳ ಬಿಡ್‌ಗಳು ಬಂದವು. ಸರ್ಕಾರವು ಹದಿನೈದು ತಿಂಗಳು ಕಾಯಬಲ್ಲದು; ಬಾಡಿಗೆ ಷೆಡ್ಡಿನಲ್ಲಿರುವ ಸಣ್ಣ ಉದ್ಯಮಿಗೆ ಆ ಸೌಕರ್ಯವಿಲ್ಲ.

ಹಾಗಾದರೆ ಬೆಲೆಯನ್ನು ನಿಗದಿಪಡಿಸುವುದು ಹೇಗೆ? ಬಹುಪಾಲು ಮಾರಾಟಗಾರರು ಸವಕಳಿ ಕಳೆದ ನಂತರ ಲೆಕ್ಕಪುಸ್ತಕದಲ್ಲಿ ಉಳಿದಿರುವ ಮೊತ್ತವನ್ನೇ ಮೀಸಲು ಬೆಲೆಯೆಂದು ತಿಳಿಯುತ್ತಾರೆ. ಇದು ತಪ್ಪು. ಕೊಳ್ಳುವವನು ಆಢಾವೆ ಪತ್ರಿಕೆಯನ್ನು ನೋಡಿ ಬೆಲೆ ಕೂಗುವುದಿಲ್ಲ. ಮಾರದಿದ್ದರೆ ಆ ವಸ್ತುವಿನಿಂದ ಕೈಗೆ ಬರುವುದೆಷ್ಟು ಎಂಬುದೇ ಸರಿಯಾದ ಅಳತೆಗೋಲು.

ಒಂದು ಲೇತ್ ಯಂತ್ರದ ಪುಸ್ತಕ ಬೆಲೆ 1,80,000 ರೂ. ಎಂದಿಟ್ಟುಕೊಳ್ಳೋಣ. ಗುಜರಿ ವ್ಯಾಪಾರಿ ಇಂದೇ 1,10,000 ರೂ. ಕೊಡಲು ಸಿದ್ಧ. ಹರಾಜು ತಾಣದ ಕಮಿಷನ್ ಶೇ. 2 ಆದರೆ, ಅಷ್ಟೇ ಹಣ ಕೈಸೇರಲು ಸುಮಾರು 1,12,250 ರೂ. ಬರಬೇಕು. ಇದೇ ತಳಮಟ್ಟ. ಇದನ್ನು ಬಿಟ್ಟು, ಎರಡು ತಿಂಗಳ ನಂತರ 1,20,000 ರೂ. ಬಂದೀತೆಂದು ಕಾಯುವವನ ಲೆಕ್ಕ ನೋಡಿ: ಕಮಿಷನ್ ಕಳೆದು ಉಳಿಯುವುದು 1,17,600 ರೂ. ಯಂತ್ರವಿರುವ ಜಾಗದ ಬಾಡಿಗೆ ತಿಂಗಳಿಗೆ 3,000ದಂತೆ 6,000, 1,10,000ಕ್ಕೆ ಶೇ. 12ರಂತೆ ಎರಡು ತಿಂಗಳ ಬಡ್ಡಿ 2,200. ಉಳಿದದ್ದು 1,09,400 ರೂ. ಗುಜರಿ ವ್ಯಾಪಾರಿಯ ಬೆಲೆಗಿಂತ 600 ರೂ. ಕಡಿಮೆ, ಕಾದ ತಲೆನೋವು ಬೇರೆ!

ಇಂತಹ ಯಂತ್ರಕ್ಕೆ ಮೂರು ನಾಲ್ಕು ಮಂದಿಯಷ್ಟೇ ಬರುವ ಸಂಭವವಿದ್ದರೆ ತಳಮಟ್ಟಕ್ಕಿಂತ ತುಸು ಮೇಲೆ, 1,15,000 ರೂ.ಗಳ ಆಸುಪಾಸಿನಲ್ಲಿ, ಬಹಿರಂಗ ಆರಂಭಿಕ ಬೆಲೆಯನ್ನು ಇಡುವುದು ಯುಕ್ತ. ಹತ್ತಾರು ವ್ಯಾಪಾರಿಗಳು ಸದಾ ಪೈಪೋಟಿ ನಡೆಸುವ ಕಬ್ಬಿಣದ ಗುಜರಿಯಂತಹ ಸರಕಿಗೆ ಕಡಿಮೆ ಬೆಲೆಯಿಂದಲೇ ಆರಂಭಿಸಬಹುದು.

ಮೀಸಲು ಬೆಲೆಯ ಬದಲು ಬಂಧುಮಿತ್ರರಿಂದ ಕೂಗಿಸಿ ಬೆಲೆ ಏರಿಸುವ ಅಭ್ಯಾಸವೂ ಕೆಲವರಲ್ಲಿದೆ. 1930ರ ಸರಕು ಮಾರಾಟ ಅಧಿನಿಯಮದ 64ನೇ ಪ್ರಕರಣವು ಮೀಸಲು ಬೆಲೆಯನ್ನು ಮುಂಚಿತವಾಗಿ ಪ್ರಕಟಿಸಲು ಅವಕಾಶ ನೀಡಿದೆ. ಆದರೆ ಸ್ವತಃ ಕೂಗುವ ಹಕ್ಕನ್ನು ಪ್ರಕಟವಾಗಿ ಕಾಯ್ದಿರಿಸಿಕೊಳ್ಳದ ಮಾರಾಟಗಾರನು ತಾನಾಗಲಿ ತನ್ನ ಪರವಾಗಿ ಇನ್ನೊಬ್ಬರಾಗಲಿ ಕೂಗುವಂತಿಲ್ಲ. ಹುಸಿ ಕೂಗಿನಿಂದ ಬೆಲೆ ಏರಿಸಿದ ಮಾರಾಟವನ್ನು ಕೊಂಡವನು ರದ್ದುಪಡಿಸಬಹುದು.

ಪ್ರಕಟಿಸುವ ಬೆಲೆಯು ಜಿ.ಎಸ್.ಟಿ. ಸೇರಿದ್ದೋ ಹೊರತಾದದ್ದೋ, ಯಂತ್ರವನ್ನು ಬಿಚ್ಚಿ ಸಾಗಿಸುವ ಖರ್ಚು ಯಾರದು ಎಂಬುದನ್ನು ಹರಾಜಿನ ಷರತ್ತುಗಳಲ್ಲಿಯೇ ನಮೂದಿಸತಕ್ಕದ್ದು. ಇಲ್ಲವಾದರೆ ಮಾರಾಟಗಾರನು ತೆರಿಗೆ ಹೊರತುಪಡಿಸಿ ಇಟ್ಟ ಬೆಲೆಯನ್ನು ಕೊಳ್ಳುವವನು ತೆರಿಗೆ ಸೇರಿಸಿ ಓದುತ್ತಾನೆ.