ಬೋರ್ ಒಬ್ಬರದು, ಫಿಟ್ಟಿಂಗ್ ಇನ್ನೊಬ್ಬರದು

ಎಂಜಿನ್ ಪೂರ್ತಿ ಬಿಚ್ಚಿ ಕೆಲಸ ಮಾಡಿಸುವಾಗ ಎಲ್ಲರೂ ರೇಟು ಕೇಳುತ್ತಾರೆ, ಗಾಡಿ ಯಾವತ್ತು ಸಿಗುತ್ತದೆ ಎಂದು ಕೇಳುತ್ತಾರೆ. ಬೋರ್ ಎಲ್ಲಿ ಮಾಡಿಸುತ್ತೀರಿ, ಆ ದುಡ್ಡು ಯಾರ ಬಿಲ್ಲಿನಲ್ಲಿ ಬರುತ್ತದೆ ಎಂದು ಕೇಳುವವರು ಕಡಿಮೆ. ನಮ್ಮೂರುಗಳ ಹೆಚ್ಚಿನ ಗ್ಯಾರೇಜುಗಳಲ್ಲಿ ಬೋರಿಂಗ್ ಮೆಷಿನ್ ಇರುವುದಿಲ್ಲ. ಬ್ಲಾಕ್, ಕ್ರ್ಯಾಂಕ್, ಹೆಡ್ ಮೂರೂ ಲೇತ್ ಅಂಗಡಿಗೆ ಹೋಗಿ ಬರುತ್ತವೆ. ಮುಂದೆ ಎಂಜಿನ್ ಕೈಕೊಟ್ಟರೆ ಜಗಳ ಹುಟ್ಟುವುದು ಈ ಹೋಗಿಬರುವ ದಾರಿಯಲ್ಲೇ.

ನಮ್ಮ ಹಳೆಯ ಡೀಸೆಲ್ ಕಾರಿಗೆ ಶಿವಮೊಗ್ಗದಲ್ಲಿ ಎಂಜಿನ್ ಕೆಲಸ ಮಾಡಿಸಿದಾಗ ಗ್ಯಾರೇಜಿನವರು, "ಲೇತಿನವರಿಗೆ ನೀವೇ ಕೈಯಲ್ಲಿ ಕೊಟ್ಬಿಡಿ ಸಾರ್, ಜಿಎಸ್‌ಟಿ ಉಳಿಯುತ್ತೆ" ಎಂದಿದ್ದರು. ರಿಪೇರಿ ಕೆಲಸಕ್ಕೆ ಶೇ 18ರಷ್ಟು ತೆರಿಗೆ, ಆಸೆ ಹುಟ್ಟಿಸುವ ಮೊತ್ತವೇ. ನಾನು ಒಪ್ಪಲಿಲ್ಲ. ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್, ಪಿಸ್ಟನ್ ಸೆಟ್, ಮಜೂರಿ ಎಲ್ಲವೂ ಗ್ಯಾರೇಜಿನ ಒಂದೇ ಬಿಲ್ಲಿನಲ್ಲಿ ಬರಲಿ ಎಂದೆ. ಬಿಲ್ಲಿನ ಕೆಳಗೆ ಬರೆಸಿಕೊಂಡದ್ದು: ವಾರಂಟಿ 6 ತಿಂಗಳು ಅಥವಾ 10,000 ಕಿ.ಮೀ., ಯಾವುದು ಮೊದಲೋ ಅದು. ಸಾಮಾನು ಮತ್ತು ಮಜೂರಿ ಎರಡಕ್ಕೂ. 'ಮಜೂರಿ' ಎಂಬುದನ್ನು ಬರೆಸಲೇಬೇಕು. ಪಿಸ್ಟನ್ ಕಂಪನಿ ಕೊಟ್ಟರೆ ಪಿಸ್ಟನ್ ಕೊಟ್ಟೀತು. ಎಂಜಿನ್ ಇಳಿಸಿ ಏರಿಸುವ ಖರ್ಚನ್ನು ಅದು ಕೊಡುವುದಿಲ್ಲ.

ವಾರಂಟಿ ಮುಗಿಯುವ ಮೊದಲೇ ಕಡೂರಿನ ಹತ್ತಿರ ಗಾಡಿ ಎಳೆತ ಕಳೆದುಕೊಂಡು ಹೊಗೆ ಕಾರತೊಡಗಿತು, ಒಳಗಿಂದ ಬಡಿಯುವ ಸದ್ದು. ಅಲ್ಲಿನ ಮೆಕ್ಯಾನಿಕ್ ಒಳ್ಳೆಯ ಮನುಷ್ಯ. "ಹೆಡ್ ಬಿಚ್ಚಿ ನೋಡೇ ಬಿಡೋಣ" ಎಂದ. ಬೇಡ ಎಂದೆ. ಎರಡನೆಯ ಗ್ಯಾರೇಜಿನ ಸ್ಪ್ಯಾನರ್ ಬಿದ್ದ ಮೇಲೆ ಮೊದಲನೆಯವರು ಹೇಳುವ ಮಾತು ಒಂದೇ: "ಬೇರೆಯವರು ಕೈ ಹಾಕಿದಾರೆ, ನಮ್ಮ ವಾರಂಟಿ ಇಲ್ಲ." ಆ ಮಾತಿಗೆ ಉತ್ತರ ಹುಡುಕುವುದು ಬಹಳ ಕಷ್ಟ. ಮೀಟರಿನ ಫೋಟೊ, ಆಯಿಲ್ ಕಡ್ಡಿಯ ಫೋಟೊ ತೆಗೆದು, ನಡೆದದ್ದನ್ನು ಶಿವಮೊಗ್ಗದವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಬರೆದು, ಗಾಡಿಯನ್ನು ಟೋ ಮಾಡಿಸಿದೆ. ಲೇತಿನವರೂ ಎದುರಿಗಿದ್ದರೆ ಮಾತ್ರ ಬಿಚ್ಚಬೇಕು ಎಂದು ಅದರಲ್ಲೇ ಬರೆದಿದ್ದೆ.

ಬಿಚ್ಚಿದಾಗ ಬೋರಿನ ಗೋಡೆಯಲ್ಲಿ ಮೇಲಿಂದ ಕೆಳಗೆ ಗೀರುಗಳು. ಬೆರಳು ಆಡಿಸಿದರೆ ಉಗುರು ಸಿಕ್ಕಿಕೊಳ್ಳುತ್ತಿತ್ತು. ಬೇರಿಂಗ್ ಶೆಲ್‌ಗಳ ಮೈಯಲ್ಲೂ ಸಣ್ಣ ಕಣಗಳು ಹೂತಿದ್ದವು. ಏರ್ ಕ್ಲೀನರಿನಿಂದ ಧೂಳು ನುಗ್ಗಿದೆ ಎಂದು ಮೊದಲು ವಾದ ಬಂತು. ಪೈಪು, ಕ್ಲಿಪ್ಪು, ಫಿಲ್ಟರ್ ಎಲ್ಲ ಸರಿಯಾಗಿದ್ದವು. ಉಳಿದದ್ದು, ಬೋರ್ ಮಾಡಿದ ಮೇಲೆ ಗೋಡೆ ಉಜ್ಜುವ ಹೋನಿಂಗ್ ಕಲ್ಲಿನ ಪುಡಿ. ಹೋನಿಂಗ್ ಆದ ಬ್ಲಾಕನ್ನು ಸೋಪು, ಬಿಸಿನೀರು ಹಾಕಿ ಬ್ರಷ್‌ನಿಂದ ತಿಕ್ಕಿ, ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಬಿಳಿಯಾಗೇ ಇರಬೇಕು. ಬರೀ ಡೀಸೆಲ್‌ನಲ್ಲಿ ತೊಳೆದರೆ ಆ ಪುಡಿ ಪೂರ್ತಿ ಹೋಗುವುದಿಲ್ಲ.

"ತೊಳೆಯೋದು ಫಿಟ್ಟರ್ ಕೆಲಸ" ಎಂದರು ಲೇತಿನವರು. "ತೊಳೆದೇ ಕೊಡ್ಬೇಕು, ಅದಕ್ಕೂ ಸೇರಿಸಿ ದುಡ್ಡು ತಗೊಂಡಿದೀರಲ್ಲ" ಎಂದರು ಗ್ಯಾರೇಜಿನವರು. ಇಬ್ಬರೂ ನನ್ನ ಮುಖ ನೋಡಿದರು. ಇಲ್ಲಿ ಗಿರಾಕಿ ಪಂಚಾಯ್ತಿ ಮಾಡಲು ಇಳಿದರೆ ಕೆಟ್ಟ. ತಪ್ಪು ಯಾರದು ಎಂದು ಸಾಬೀತು ಮಾಡುವ ಹೊರೆಯನ್ನು ತಾನೇ ಹೊತ್ತುಕೊಂಡಂತೆ. "ಬಿಲ್ ಕೊಟ್ಟವರು ನೀವು, ನನಗೆ ಎಂಜಿನ್ ಕೊಡಬೇಕಾದವರೂ ನೀವು. ಲೇತಿನವರ ಲೆಕ್ಕ ನೀವಿಬ್ಬರು ನೋಡಿಕೊಳ್ಳಿ" ಎಂದು ಗ್ಯಾರೇಜಿನವರಿಗೆ ಹೇಳಿದೆ. ಲೇತಿನವರಿಗೆ ನಾನೇ ದುಡ್ಡು ಕೊಟ್ಟಿದ್ದರೆ ಈ ಮಾತು ಆಡಲು ನನಗೆ ಬಾಯಿ ಇರುತ್ತಿರಲಿಲ್ಲ.

ಗ್ರಾಹಕ ಆಯೋಗದವರೆಗೆ ಹೋಗಬೇಕಾಗಲಿಲ್ಲ. ಹೋಗಬೇಕಾದವರು ತಿಳಿದಿರಲಿ: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಗ್ಯಾರೇಜ್ ಬೇರೆ ಜಿಲ್ಲೆಯಲ್ಲಿದ್ದರೂ. ಕೊಟ್ಟ ಮೊತ್ತ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ. ಗಡುವು 2 ವರ್ಷ. ಗ್ಯಾರೇಜಿನವರು, ಲೇತಿನವರು ಇಬ್ಬರನ್ನೂ ಎದುರುದಾರರನ್ನಾಗಿ ಸೇರಿಸಬಹುದು. ಅದಕ್ಕೂ ಮೊದಲು 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದರೆ ಎಷ್ಟೋ ಸಲ ಅಷ್ಟರಲ್ಲೇ ಮಾತುಕತೆ ಶುರುವಾಗುತ್ತದೆ.

ನಮ್ಮಲ್ಲಿ ಆದ ತೀರ್ಮಾನ: ಲೇತಿನವರು ದುಡ್ಡಿಲ್ಲದೆ ಮತ್ತೆ ಬೋರ್ ಮಾಡಿಕೊಡುವುದು, ಪಿಸ್ಟನ್, ರಿಂಗ್, ಬೇರಿಂಗ್, ಮಜೂರಿ ಗ್ಯಾರೇಜಿನದು, ಆಯಿಲ್, ಕೂಲೆಂಟ್, ಟೋ ಖರ್ಚು ನನ್ನದು. ಟೋ ಖರ್ಚು ವಾರಂಟಿಯಲ್ಲಿ ಬರೆದಿರಲಿಲ್ಲ, ಕೇಳಲು ಆಧಾರವಿರಲಿಲ್ಲ. ಆದರೆ ಪುಕ್ಕಟೆ ಬೋರ್ ಎಂಬುದು ನಿಜಕ್ಕೂ ಪುಕ್ಕಟೆಯಲ್ಲ. 0.50 ಮಿ.ಮೀ. ಓವರ್‌ಸೈಜ್‌ನಲ್ಲಿದ್ದ ಬ್ಲಾಕ್ 0.75ಕ್ಕೆ ಹೋಯಿತು, ಒಂದು ಬೋರಿನಷ್ಟು ಆಯುಸ್ಸು ಅಲ್ಲೇ ತೇಯ್ದು ಹೋಯಿತು. ಅದನ್ನು ಎತ್ತಿ ಹೇಳಿ, ಹೊಸ ಅಳತೆಯನ್ನೂ ಗಾಡಿ ಕೈಗೆ ಸಿಕ್ಕ ದಿನದಿಂದ ಮತ್ತೆ ಪೂರ್ತಿ 6 ತಿಂಗಳ ವಾರಂಟಿಯನ್ನೂ ಬಿಲ್ಲಿನ ಮೇಲೆ ಬರೆಸಿ, ಸಹಿ ಹಾಕಿಸಿಕೊಂಡೆ. ಈ ಸಲ ಟೋ ಖರ್ಚನ್ನೂ ಸೇರಿಸಿದೆ.