ಹಲಸಿನ ಭ್ರೂಣಕ್ಕೆ ಚಳಿಗಿಂತ ಒಣಗುವುದೇ ಕಷ್ಟ

ರಾಗಿ, ಭತ್ತದ ಬೀಜಗಳನ್ನು ಚೆನ್ನಾಗಿ ಒಣಗಿಸಿ ಮೈನಸ್ 18 ಡಿಗ್ರಿಯಲ್ಲಿ ಇಟ್ಟರೆ ದಶಕಗಳ ನಂತರವೂ ಮೊಳೆಯುತ್ತವೆ. ಹಲಸು, ಮಾವು, ಲಿಚಿಯ ಬೀಜಗಳಿಗೆ ಈ ಉಪಾಯ ನಡೆಯದು. ಅವು ಹಣ್ಣಿನಿಂದ ಬೇರ್ಪಡುವಾಗಲೇ ನೀರು ತುಂಬಿಕೊಂಡು ಮೊಳೆಯಲು ಸಿದ್ಧವಾಗಿರುತ್ತವೆ. ಒಣಗಿಸಿದರೆ ಸಾಯುತ್ತವೆ, ಹಸಿಯಾಗಿಯೇ ಹೆಪ್ಪುಗಟ್ಟಿಸಿದರೆ ಒಳಗಿನ ನೀರು ಹಿಮದ ಹರಳಾಗಿ ಜೀವಕೋಶದ ಪೊರೆಗಳನ್ನು ಹರಿದುಹಾಕುತ್ತದೆ. ಇ. ಎಚ್. ರಾಬರ್ಟ್ಸ್ 1973ರಲ್ಲಿ ಒಣಗುವಿಕೆಯನ್ನು ತಾಳುವ, ತಾಳದ ಬೀಜಗಳೆಂದು ಎರಡು ಬಗೆ ಮಾಡಿದ್ದು ಈ ಕಾರಣಕ್ಕೇ. ಎರಡನೆಯ ಬಗೆಯವನ್ನು ಉಳಿಸಲು ಇಡೀ ಬೀಜವನ್ನು ಬಿಟ್ಟು, ಅದರೊಳಗೆ ಕೆಲವೇ ಮಿಲಿಮೀಟರ್ ಉದ್ದವಿರುವ ಭ್ರೂಣಾಕ್ಷವನ್ನು ಮಾತ್ರ ಬಿಡಿಸಿ, ಬೇಗ ಒಣಗಿಸಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಮುಳುಗಿಸುತ್ತಾರೆ.

ಈ ಕೆಲಸ ನನಗೆ ಕಲಿಸಿದ ಮುಖ್ಯ ಪಾಠವೆಂದರೆ, ಸಾರಜನಕದ ಟ್ಯಾಂಕಿನ ಚಳಿಯಲ್ಲಿ ಸೋಲುವುದು ಕಡಿಮೆ. ಅದಕ್ಕೆ ಮುಂಚಿನ ಗಂಟೆಗಳಲ್ಲೇ ಸೋಲು ಗೆಲುವು ತೀರ್ಮಾನವಾಗುತ್ತದೆ. ತೇವಾಂಶ ಹೆಚ್ಚು ಉಳಿದರೆ ಹಿಮ ಕೊಲ್ಲುತ್ತದೆ, ಮಿತಿಮೀರಿ ಇಳಿದರೆ ಒಣಗುವಿಕೆಯೇ ಕೊಲ್ಲುತ್ತದೆ, ಇವೆರಡರ ನಡುವಿನ ಹಾದಿ ಬಹಳ ಕಿರಿದು. ಇನ್ನೊಂದು ಅಪಾಯ ಕಣ್ಣಿಗೆ ಬೀಳುವುದಿಲ್ಲ. ಬೀಜದಳಗಳನ್ನು ಕತ್ತರಿಸಿ ತೆಗೆದ ಗಾಯದಲ್ಲಿ ಹಾನಿಕಾರಕ ಆಮ್ಲಜನಕ ರೂಪಗಳು ಒಮ್ಮೆಲೇ ಉಕ್ಕುತ್ತವೆ, ಚಿಗುರಿನ ತುದಿ ಆ ಗಾಯದ ಮಗ್ಗುಲಲ್ಲೇ ಇರುತ್ತದೆ. ದಕ್ಷಿಣ ಆಫ್ರಿಕದ ಡರ್ಬನ್‌ನಲ್ಲಿ ಪೆಟ್ರೀಷಿಯಾ ಬರ್ಜಾಕ್ ಮತ್ತು ಅವರ ಸಂಗಡಿಗರು ಇಂಥ ಬೀಜಗಳ ಮೇಲೆ ವರ್ಷಗಟ್ಟಲೆ ದುಡಿದು ಇದನ್ನು ತೋರಿಸಿದ್ದಾರೆ. ಹೀಗಾಗಿ ಬೇರು ಬಂದು ಚಿಗುರು ಬಾರದ ಭ್ರೂಣವನ್ನು ‘ಬದುಕಿದೆ’ ಎಂದು ಎಣಿಸುವುದು ಸಲ್ಲದು. ಮಣ್ಣಿಗಿಳಿದು ಎಲೆ ಬಿಟ್ಟ ಸಸಿಯನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು. ಸಂಗ್ರಹದಲ್ಲಿ ಎಷ್ಟು ಸಾವಿರ ಭ್ರೂಣಗಳಿವೆ ಎಂಬ ಸಂಖ್ಯೆಗಿಂತ ಈ ಲೆಕ್ಕವೇ ದೊಡ್ಡದು.

ಭ್ರೂಣ ಉಳಿಸುವ ಈ ವಿಧಾನಕ್ಕೆ ಬರುವ ಗಟ್ಟಿಯಾದ ಆಕ್ಷೇಪ ತಳಿಯದು. ಹಲಸು ಪರಕೀಯ ಪರಾಗಸ್ಪರ್ಶದ ಮರ, ಬೀಜದಿಂದ ಎದ್ದ ಗಿಡ ತಾಯಿಯಂತೆಯೇ ಹಣ್ಣು ಕೊಡುವುದಿಲ್ಲ. ತುಮಕೂರು ಸೀಮೆಯ ‘ಸಿದ್ದು’ ಹಲಸನ್ನು ಭ್ರೂಣದ ಮೂಲಕ ಉಳಿಸಲಾಗದು ಎಂಬ ಮಾತು ಪೂರಾ ನಿಜ. ಅದಕ್ಕೆ ಕಸಿಯೇ ಬೇಕು, ಹೆಪ್ಪುಗಟ್ಟಿಸುವುದಾದರೆ ಚಿಗುರು ತುದಿ ಬೇಕು. ಆದರೆ ಹೆಸರಿಲ್ಲದ ಸಾವಿರಾರು ಬೀಜದ ಮರಗಳಲ್ಲಿ ಹರಡಿಕೊಂಡಿರುವ ಗುಣಗಳನ್ನು ಕಸಿ ಮಾಡಿ ಉಳಿಸುತ್ತೇವೆಂದರೆ ಜಾಗ ಎಲ್ಲಿದೆ? ನಾಳೆ ಬರಬಹುದಾದ ರೋಗವನ್ನು ತಡೆಯುವ ಗುಣ ಅಂಥದೊಂದು ಮರದಲ್ಲೇ ಇರಬಹುದು. ಭ್ರೂಣ ಉಳಿಸುವುದು ಆ ವೈವಿಧ್ಯವನ್ನು. ಮಲೆನಾಡಿನ ಹೊಳೆದಂಡೆಯ ಅಪ್ಪೆಮಿಡಿ ಮಾವಿಗೂ ಇದೇ ಮಾತು: ಹೆಸರಾದ ಮರಕ್ಕೆ ಕಸಿ, ಹೊಳೆಸಾಲಿನ ಉಳಿದ ಮರಗಳ ಸಮೂಹಕ್ಕೆ ಭ್ರೂಣ.

ತೋಟದಲ್ಲೇ ಬೆಳೆಸಿದರೆ ಸಾಲದೇ ಎನ್ನುವವರು ತೆಂಗಿನ ಕಡೆ ನೋಡಬೇಕು. ದಕ್ಷಿಣ ಏಷ್ಯಾದ ಅಂತರರಾಷ್ಟ್ರೀಯ ತೆಂಗಿನ ತಳಿ ಸಂಗ್ರಹ ನಮ್ಮ ದಕ್ಷಿಣ ಕನ್ನಡದ ಕಿದುವಿನಲ್ಲಿ ಮರಗಳಾಗಿಯೇ ನಿಂತಿದೆ. ಅಂಥದೇ ಸಂಗ್ರಹವಿದ್ದ ಪಪುವಾ ನ್ಯೂಗಿನಿಯ ಮಡಾಂಗ್ ಪ್ರಾಂತ್ಯಕ್ಕೆ ಬೋಗಿಯಾ ಎಂಬ ತೆಂಗಿನ ರೋಗ ಬಂದಾಗ, ಇಡೀ ಸಂಗ್ರಹವೇ ಅಪಾಯಕ್ಕೆ ಸಿಕ್ಕಿತು. ಮರವನ್ನು ನೋಡಬಹುದು, ಅಳೆಯಬಹುದು, ತಳಿ ಬೆರೆಸಬಹುದು. ಅದರ ಬದಲು ಟ್ಯಾಂಕ್ ಸಾಕೆಂದು ನಾನು ಹೇಳುವುದಿಲ್ಲ. ಎರಡನೇ ಪ್ರತಿ ಇರಲೇಬೇಕು, ಅಷ್ಟೇ. ಸಾರಜನಕಕ್ಕೆ ಹಣ ಬೇಕು, ತಪ್ಪದೆ ತುಂಬುವ ಕೈ ಬೇಕು ಎಂಬುದೂ ಸರಿಯೇ. ಆದರೆ ತೋಟಕ್ಕೆ ಬೇಕಾದ ಎಕರೆಗಳು, ಕೂಲಿ, ನೀರು ಪುಕ್ಕಟೆಯಲ್ಲ.

ಹಿತ್ತಿಲ ಹಳೆಯ ಬೀಜದ ಮರವನ್ನು ಕಡಿಸಲು ಹೊರಟವರು ಮೊದಲು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ತೋಟಗಾರಿಕಾ ಕಾಲೇಜಿಗೋ ಒಂದು ಮಾತು ತಿಳಿಸಿ. ಹಣ್ಣಿನ ಕಾಲವಾದರೆ ಬಲಿತ ಹಣ್ಣನ್ನು ಇಡಿಯಾಗಿ ಕೊಡಿ, ಬೀಜ ಬಿಡಿಸಿ ಬಿಸಿಲಿಗೆ ಹಾಕಬೇಡಿ.